ಮಾವನ ಜೀಪಿನ ಬಿಗಿ ಜಾಯಿಂಟು

ಜೀಪು ರಿಪೇರಿಗೆ ಏನು ಬೇಕು? ಒಂದು ಸುತ್ತಿಗೆ, ಒಂದಿಷ್ಟು ಗ್ರೀಸು, ಮತ್ತು ನಾನು. ತೊಂಬತ್ತರ ದಶಕದ ಕೊನೆಯಲ್ಲಿ, ಮೀಸೆ ಚಿಗುರಿದ ಹುಮ್ಮಸ್ಸಿನಲ್ಲಿ, ಈ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅರಸೀಕೆರೆಯಲ್ಲಿ ನನ್ನ ಸೋದರಮಾವನಿಗೆ ಒಂದು ಹಳೆಯ ಜೀಪಿತ್ತು. ವೀಣಾ ಎಂಬ ಮಗಳೂ ಇದ್ದಳು. ನನ್ನ ಕನಸಿಗೆ ಇಬ್ಬರೂ ಒಟ್ಟಿಗೇ ಬರುತ್ತಿದ್ದರು. ಹಳೇಬೀಡಿನ ಕೆರೆಯ ಪಕ್ಕದ ರಸ್ತೆ, ನೀರಿನ ಮೇಲೆ ತೆಳುವಾದ ಮಂಜು, ಸ್ಟಿಯರಿಂಗ್ ಹಿಡಿದ ನಾನು, ಪಕ್ಕದಲ್ಲಿ ಅವಳು. ಜೀಪು ಸದ್ದಿಲ್ಲದೆ ತೇಲುತ್ತಿರುತ್ತದೆ... ನಿಜದಲ್ಲಿ ಗೇರು ಬದಲಿಸಿದಾಗಲೆಲ್ಲ ಅದರ ಹೊಟ್ಟೆಯಡಿಯಿಂದ ‘ಕಟಕ್’ ಎಂಬ ಸದ್ದು!

“ಅಂದ್ರೆ, ಜಾಯಿಂಟ್ ಹೋಗಿದೆ,” ಎಂದರು ಮಾವ. ಸರ್ಕಾರಿ ಕಚೇರಿಯ ಗುಮಾಸ್ತರಾದ ಅವರ ಬಾಯಿಂದ ‘ಅಂದ್ರೆ’ ಇಲ್ಲದೆ ಮಾತು ಹೊರಡುವುದಿಲ್ಲ. “ಭಾನುವಾರ ಎಲ್ರೂ ಬೇಲೂರಿಗೆ ಹೋಗ್ಬೇಕು. ಅಂದ್ರೆ, ಅದನ್ನ ಸರಿ ಮಾಡ್ದೋನೇ ಗಾಡಿ ಓಡಿಸ್ಲಿ.”

ಕನಸಿಗೆ ಸರ್ಕಾರಿ ಮಂಜೂರಾತಿ ಸಿಕ್ಕಿತು!

ಇಂಜಿನ್ನಿನ ತಿರುಗಾಟವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉದ್ದನೆಯ ಶಾಫ್ಟಿಗೆ, ನಮ್ಮ ಮಣಿಕಟ್ಟಿನಂತೆ ಬಾಗುವ ಜಾಯಿಂಟು ಇರುತ್ತದೆ. ಅದರ ಕಬ್ಬಿಣದ ಕಿವಿಗಳ ನಡುವೆ ನಾಲ್ಕು ಕೈಯ ಒಂದು ‘ಕ್ರಾಸು’. ಒಂದೊಂದು ಕೈಗೂ, ಕಿವಿಯ ತೂತಿನಲ್ಲಿ ಕೂರುವ, ಟೊಪ್ಪಿಗೆಯಂಥ ಪುಟ್ಟ ಬಟ್ಟಲು. ಸವೆದ ಕ್ರಾಸು ತೆಗೆದು ಹೊಸದನ್ನು ಹಾಕಬೇಕಾಗಿದ್ದ ಮೆಕ್ಯಾನಿಕ್ ಪಾಪಣ್ಣ ಮಾತ್ರ ಶೆಡ್ಡಿಗೆ ಬೀಗ ಹಾಕಿ ನೆಂಟರ ಮನೆಗೆ ಹೋಗಿದ್ದರು. ಹೋದರೆ ಹೋಗಲಿ! ಅವರ ಮಿಮಿಕ್ರಿ ಮಾಡಲೆಂದೇ ನಾನು ಆ ಶೆಡ್ಡಿನಲ್ಲಿ ಗಂಟೆಗಟ್ಟಲೆ ಕೂತವನು. ಕೆಮ್ಮು, ಬೀಡಿ ಕಚ್ಚುವ ರೀತಿ, ಬೈಗುಳ ಎಲ್ಲವೂ ಕರಗತ. ಕೆಲಸವೂ ಜೊತೆಗೇ ಬಂದಿದೆ ಎಂದು ನಂಬಿದ್ದೆ. ಕೊನೆಯಲ್ಲಿ ಅವರು ಜಾಯಿಂಟಿನ ಕಿವಿಗೆ ‘ಟಣ್, ಟಣ್’ ಎಂದು ತಟ್ಟುತ್ತಿದ್ದರು. ಕ್ಷೌರ ಮುಗಿದ ಮೇಲೂ ಗಾಳಿಯಲ್ಲಿ ಕತ್ತರಿ ಆಡಿಸುವಂಥ ಶೋಕಿ ಎಂದುಕೊಂಡು ಅದನ್ನು ಕೈಬಿಟ್ಟೆ.

ಹೊಸ ಕ್ರಾಸನ್ನು ಬಡಿದು ಬಡಿದು ಕೂರಿಸಿದೆ. ವೀಣಾ ಕೈಯಿಂದ ಅಲ್ಲಾಡಿಸಿ ನೋಡಿದಳು.

“ಭಾವ, ಇದು ಬಾಗ್ತಾನೇ ಇಲ್ವಲ್ಲ?”

“ಹೊಸದು ಕಣೇ. ಹೊಸ ಚಪ್ಪಲಿ ಕಚ್ಚಲ್ವಾ? ಓಡ್ತಾ ಓಡ್ತಾ ಸಡಿಲ ಆಗುತ್ತೆ.”

“ಅಂದ್ರೆ, ಭದ್ರವಾಗಿದೆ!” ಎಂದು ಮಾವ ಮೆಚ್ಚಿದರು. ಭಾನುವಾರ ಬೆಳಿಗ್ಗೆ ಅತ್ತೆ ಬಾನೆಟ್ಟಿಗೆ ಕುಂಕುಮವಿಟ್ಟು, ಚಕ್ರದಡಿ ನಿಂಬೆಹಣ್ಣು ಇಟ್ಟರು. ನಿಂಬೆಹಣ್ಣು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತು.

ಜೀಪು ವೇಗ ಹಿಡಿದದ್ದೇ ತಡ, ನಡುಕ ಶುರು! ಸೀಟು ನಡುಗಿತು, ಗಾಜು ನಡುಗಿತು, ಅತ್ತೆಯ ‘ರಾಮಾ’ ಎಂಬ ಉದ್ಗಾರ ಹತ್ತು ಚೂರಾಗಿ ಹೊರಬಿತ್ತು. ಜಾವಗಲ್ ದಾಟುತ್ತಿದ್ದಂತೆ ಮಾವ ಕೂಗಿದರು. “ನಿಲ್ಸೋ! ಅಂದ್ರೆ, ಈಗ್ಲೇ ನಿಲ್ಸು!” ಗಾಬರಿಯಲ್ಲೂ ‘ಅಂದ್ರೆ’ ಬಿಡಲಿಲ್ಲ.

ಸೈಕಲ್ಲಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಬಂದವನೊಬ್ಬ ಕಾಲೂರಿ ನಿಂತ. “ಏನ್ಲಾ, ಗಾಡಿಗೆ ಚಳಿಜ್ವರ ಬಂದೈತಾ?”

“ಇನ್ನು ನಾನು ಇದನ್ನ ಹತ್ತಲ್ಲ. ನಡೀರಿ, ಬಸ್ಸಿಗೆ ಹೋಗೋಣ,” ಎಂದರು ಅತ್ತೆ. ವೀಣಾ ಚೀಲ ಇಳಿಸಿಕೊಂಡಳು. ನನ್ನ ಕನಸು ಬಸ್ಸು ಹತ್ತಿ ಹೊರಡುವುದರಲ್ಲಿತ್ತು!

ನಾನು ಜೀಪಿನಡಿ ನುಗ್ಗಿ, ಬೋಲ್ಟು ಬಿಚ್ಚಿ, ಜಾಯಿಂಟನ್ನು ಬಾಗಿಸಲು ನೋಡಿದೆ. ಅದು ಪರೇಡಿಗೆ ನಿಂತ ಪೊಲೀಸಿನಂತೆ ಸೆಟೆದಿತ್ತು. ಹತಾಶೆಯಲ್ಲಿ, ಕೇಳದೆಯೇ, ನನ್ನ ಗಂಟಲಿನಿಂದ ಪಾಪಣ್ಣ ಹೊರಬಂದರು. “ಥೂ ನಿನ್ನ! ರೊಟ್ಟಿ ತಟ್ಟೋ ಕೈಲಿ ಕ್ರಾಸ್ ಹಾಕಿದ್ದೀಯಲ್ಲೋ! ತೆಗಿಯೋ ಕೈನ!” ಕೆಮ್ಮು ಬಂತು. ಇಲ್ಲದ ಬೀಡಿ ತುಟಿಯ ಮೂಲೆಗೆ ಸರಿಯಿತು. ಆ ಗುಂಗಿನಲ್ಲಿ ಕೈ ತಾನಾಗಿ ಸುತ್ತಿಗೆ ಎತ್ತಿ, ಕಿವಿಗೆ ತಟ್ಟಿತು. ಟಣ್! ತಿರುಗಿಸಿ ಇನ್ನೊಂದಕ್ಕೆ, ಟಣ್!

ಜಾಯಿಂಟು ನಿದ್ದೆಗೆ ಜಾರಿದ ಮಗುವಿನ ಕೈಯಂತೆ ಮೆಲ್ಲಗೆ ಬಾಗಿತು. ನಾನು ಬಡಿದ ರಭಸಕ್ಕೆ ಬಟ್ಟಲುಗಳು ಒಳಸರಿದು ಕ್ರಾಸನ್ನು ಹಿಸುಕಿದ್ದವು. ಈಗ ತಟ್ಟಿದ್ದಕ್ಕೆ ಅವು ಕೂದಲೆಳೆಯಷ್ಟು ಹೊರಸರಿದು ಅದಕ್ಕೆ ಉಸಿರಾಡಲು ಬಿಟ್ಟಿದ್ದವು. ಶೋಕಿ ಎಂದು ಬಿಟ್ಟದ್ದೇ ಕೆಲಸ, ಕೆಲಸವೆಂದು ಮಾಡಿದ್ದೆಲ್ಲ ಶೋಕಿ!

ಬೋಲ್ಟು ಬಿಗಿದು, ನಡುಕವಿಲ್ಲದ್ದನ್ನು ಒಂದು ಸುತ್ತು ಓಡಿಸಿ ತೋರಿಸಿದ ಮೇಲೆ ಅತ್ತೆಯೂ ಹತ್ತಲು ಒಪ್ಪಿದರು. “ಅಂದ್ರೆ, ಹಿಂದೆ ಕೂತ್ರೇನೇ ಜಾಯಿಂಟಿನ ಸದ್ದು ಕೇಳ್ಸೋದು,” ಎಂದು ಮಾವ ತನಿಖೆಗಾಗಿ ಹಿಂದಿನ ಸೀಟಿಗೆ ಹೋದರು. ಮುಂದಿನ ಸೀಟಿಗೆ ವೀಣಾ ಬಂದಳು! ಹಳೇಬೀಡಿನ ಕೆರೆ ಕಾಣಿಸಿತು. ನೀರಿನ ಮೇಲೆ ಬೆಳಕು ತೂಕಡಿಸುತ್ತಿತ್ತು, ಹಿಂದೆ ಅತ್ತೆಯೂ ತೂಕಡಿಸುತ್ತಿದ್ದರು. ಜೀಪು ನಿಜಕ್ಕೂ ತೇಲಿತು.

“ಭಾವ...” ಎಂದಳು ವೀಣಾ, ಮೆಲ್ಲಗೆ.

“ಏನು ವೀಣಾ?”

“ಆಗ ಜೀಪಿನಡಿ ಮಾತಾಡಿದ್ರಲ್ಲ, ಅದೇ ದನೀಲಿ ಮಾತಾಡಿ. ಎಷ್ಟು ಗತ್ತಿದೆ! ಕೆಲ್ಸ ಗೊತ್ತಿರೋ ಗಂಡಸಿನ ದನಿ. ಆ ದನಿಯವ್ರಿಗೆ ಮದುವೆ ಆಗಿದ್ಯಾ?”

ಪಾಪಣ್ಣನಿಗೆ ಮೊಮ್ಮಕ್ಕಳಿದ್ದಾರೆ. ಹಾಗೆಂದು ಹೇಳಿದೆ, ಪಾಪಣ್ಣನ ದನಿಯಲ್ಲೇ. ಅವಳು ಕಿಲಕಿಲ ನಕ್ಕಳು. ಬೇಲೂರಿನ ತನಕ ಅವಳ ಪಕ್ಕದಲ್ಲಿ ಪಾಪಣ್ಣನೇ ಕೂತು ಕೆಮ್ಮುತ್ತಾ ಹರಟಿದರು. ನಡುವೆ ಒಮ್ಮೆ ಮೈಮರೆತು ನನ್ನದೇ ದನಿಯಲ್ಲಿ, “ನೀರು ಬೇಕಾ?” ಎಂದೆ.

“ಬೇಡ ಬಿಡಿ,” ಎಂದು ಅವಳು ಆಕಳಿಸಿ ಕಣ್ಣು ಮುಚ್ಚಿದಳು!