ಅಕ್ಕೋರ ಮನೆಯ ದಡ್ಡ

ಹೆಂಡತಿಯ ಮುಂದೆ ಜಾಣರಾಗಲು ಹೋಗಿ ದಡ್ಡರಾದ ಗಂಡಸರು ಬಹಳ. ದಡ್ಡನಾಗಿರುವುದೇ ಕೆಲಸವಾಗಿದ್ದವನು ಬಹುಶಃ ನಾನೊಬ್ಬನೇ. ಹೆಂಡತಿಯ ಮುಂದೆ ಆ ಕೆಲಸ ಮಾಡಿದ ಕೊನೆಯ ದಿನ, ನಾನು ದುಡಿಯುವ ಇಳಕಲ್ಲಿನ ಸೀರೆ ಅಂಗಡಿಯಿಂದ ಹಸಿದು ಬಂದು ತಾಟಿನ ಮುಂದೆ ಕೂತಿದ್ದೆ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ‘ಅಕ್ಕೋರು’ ಆಗಿದ್ದ ನನ್ನ ಹೆಂಡತಿ ಗಿರಿಜಾ ಜೋಳದ ರೊಟ್ಟಿ ಮುರಿದು, ಒಂದು ಕೈಯಲ್ಲಿ ಅರ್ಧ, ಇನ್ನೊಂದರಲ್ಲಿ ಕಾಲುಭಾಗ, ಅಂದರೆ ನಮ್ಮ ಕಡೆಯ ಚತಕೋರ, ಹಿಡಿದು ನಿಂತಳು.

“ಹೇಳ್ರಿ, ಯಾವುದು ದೊಡ್ಡದು?”

“ಚತಕೋರ.”

“ಯಾಕ?”

“ಅರ್ಧ ಅಂದ್ರ ಎರಡು ತುಂಡು, ಚತಕೋರ ಅಂದ್ರ ನಾಕು. ಎರಡಕ್ಕಿಂತ ನಾಕು ದೊಡ್ಡದಲ್ಲ?”

“ಭೇಷ್! ಇಂಥಾ ತಪ್ಪು ನಿಮ್ಮನ್ನ ಬಿಟ್ರ ಯಾರಿಗೂ ಬರಂಗಿಲ್ಲ” ಎಂದು ಎರಡೂ ತುಂಡುಗಳನ್ನು ತಾಟಿಗೆ ಹಾಕಿದಳು.

ನನ್ನ ತಪ್ಪು ಉತ್ತರವಿಲ್ಲದೆ ಅವಳು ಯಾವ ಪಾಠವನ್ನೂ ಶಾಲೆಗೆ ಒಯ್ಯುತ್ತಿರಲಿಲ್ಲ. ತಪ್ಪಿಗೆ ಹೆದರುವ ಮಗು ಬಾಯಿ ಬಿಡುವುದಿಲ್ಲ, ತನಗಿಂತ ದಡ್ಡನೊಬ್ಬ ಇದ್ದಾನೆಂದು ಗೊತ್ತಾದರೆ ಬಿಡುತ್ತದೆ ಎಂಬುದು ಅವಳ ನಂಬಿಕೆ. “ನಮ್ಮ ಮನ್ಯಾಗ ಒಬ್ಬರು ಅದಾರ, ಅವರಿಗೆ ಇಷ್ಟೂ ಬರಂಗಿಲ್ಲ. ನೀವ ತಿಳಿಸಿ ಹೇಳ್ರಿ” ಎಂದರೆ ಸಾಕು, ಮಕ್ಕಳು ನಾ ಮುಂದು ತಾ ಮುಂದು ಎಂದು ಕೈ ಎತ್ತುತ್ತಿದ್ದರಂತೆ. ಬೆತ್ತ ಹಿಡಿದವಳೇ ಅಲ್ಲ. ಚೊಳಚಗುಡ್ಡದಿಂದ ಹುನಗುಂದಕ್ಕೆ, ಅಲ್ಲಿಂದ ಇಳಕಲ್ಲಿಗೆ ಅವಳಿಗೆ ವರ್ಗವಾದಾಗಲೆಲ್ಲ ನನ್ನ ದಡ್ಡತನಕ್ಕೂ ವರ್ಗವಾಯಿತು. ಒಮ್ಮೆ ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ಪುಟ್ಟ ಹುಡುಗಿಯೊಬ್ಬಳು ನನ್ನ ಅಂಗಿ ಜಗ್ಗಿ, “ಕಾಕಾ, ಏಳೆಂಟ್ಲೆ ಐವತ್ತಾರ್ರಿ. ಮರೀಬ್ಯಾಡ್ರಿ” ಎಂದಳು. ಸುತ್ತಲಿದ್ದವರು ನನ್ನನ್ನು ನೋಡಿದ ರೀತಿಗೆ ಬಸ್ಸು ಬೇಗ ಬರಬಾರದೇ ಅನಿಸಿತು.

“ನನ್ನ ಮರ್ಯಾದಿ ಏನಾತು?” ಎಂದು ಮನೆಗೆ ಬಂದು ಸಿಟ್ಟು ಮಾಡಿದೆ.

“ಅದು ಹೋದ್ರ ನಾಕು ಹುಡುಗ್ರು ಕಲೀತಾವ. ಇರೂದರ ಎಷ್ಟೈತಿ ಅದು?” ಎಂದಳು.

ಚತಕೋರದ ಈ ತಪ್ಪನ್ನು ಅವಳು ನನ್ನಿಂದ ಬೇಡಿ ಪಡೆದದ್ದು ನೀಲಾಳಿಗಾಗಿ. ನೇಕಾರರ ಮನೆಯ ಹುಡುಗಿ. ಮಗ್ಗದ ಸಪ್ಪಳದಲ್ಲಿ ಬೆಳೆದವರ ದನಿ ಜೋರಿರುತ್ತದೆ. ಇವಳು ಮಾತ್ರ ಶಾಲೆಗೆ ಸೇರಿದಾಗಿನಿಂದ ತರಗತಿಯಲ್ಲಿ ತುಟಿ ಬಿಚ್ಚಿರಲಿಲ್ಲ. “ನಾಳೆ ನೀಲಾ ಮಾತಾಡ್ತಾಳ ನೋಡ್ರಿ” ಎಂದು ಗಿರಿಜಾ ಮಲಗಿದಳು. ಬೆಳಿಗ್ಗೆ ಶಾಲೆಗೆ ಹೊರಟವಳು ಎದೆ ಹಿಡಿದು ಹೊಸ್ತಿಲಲ್ಲೇ ಕೂತಳು. ಬಾಗಲಕೋಟೆಯ ದವಾಖಾನೆಗೆ ಒಯ್ದೆವು. ತಿರುಗಿ ಬರಲಿಲ್ಲ.

ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಓಣಿಯವರೇ ರೊಟ್ಟಿ ತಂದುಕೊಡುತ್ತಾರೆ. ನೀಲಾಳ ತಾಯಿಯೂ ತಂದಳು. ಅವಳ ಸೆರಗು ಹಿಡಿದು ನೀಲಾ ನಿಂತಿದ್ದಳು. ತಾಯಿ “ಉಣ್ರಿ ಅಣ್ಣಾರ” ಎಂದಳು. ನಾನು ರೊಟ್ಟಿ ಮುರಿದೆ, ಬಾಯಿಗೆ ಹೋಗಲಿಲ್ಲ. ಏನು ತೋಚಿತೋ, ತುಂಡುಗಳನ್ನು ಹುಡುಗಿಯ ಮುಂದೆ ಹಿಡಿದೆ.

“ನೀಲವ್ವ, ಇದು ಅರ್ಧ, ಇದು ಚತಕೋರ. ಚತಕೋರ ದೊಡ್ಡದಲ್ಲ?”

ಹುಡುಗಿ ನನ್ನನ್ನೇ ದಿಟ್ಟಿಸಿದಳು. ಆಮೇಲೆ, “ಅಯ್ಯ ಕಾಕಾ! ಅಕ್ಕೋರು ಹೇಳಿದ್ದು ಖರೇನ ಐತಿ!” ಎಂದು ಸೆರಗು ಬಿಟ್ಟು ಬಂದು ಎದುರಿಗೆ ಕೂತಳು. ಎರಡು ಚತಕೋರಗಳನ್ನು ತಾಟಿನಲ್ಲಿ ಜೋಡಿಸಿ, “ಇಷ್ಟಾದ ಮ್ಯಾಲೆ ಒಂದು ಅರ್ಧ ಆಗತೈತಿ. ತಿಳೀತೇನ್ರಿ?” ಎಂದಳು. ತಾಯಿ ಬಾಯಿಗೆ ಸೆರಗು ಒತ್ತಿಕೊಂಡಳು.

“ಇಲ್ಲವ್ವ, ಇನ್ನೊಮ್ಮೆ ಹೇಳು” ಎಂದೆ. ಅಷ್ಟು ವರ್ಷದ ಅನುಭವ ಸುಮ್ಮನೆ ಹೋಗುತ್ತದೆಯೇ?

ಈಗ ನೀಲಾ ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ನನಗೆ ಪಾಠ ಹೇಳಿಯೇ ಮನೆಗೆ ಹೋಗುತ್ತಾಳೆ. ಬಾಯಿಗೆ ಬಿಡುವಿಲ್ಲ. ಅವಳು ಮಾತಾಡಿದಳೆಂಬುದು ಗಿರಿಜಾಳಿಗೆ ಗೊತ್ತಿಲ್ಲ.