ನಮ್ಮ ಮದುವೆಯನ್ನು ನುಂಗಿದ ಮೊಸಳೆ

ಈ ವರ್ಷದ ಕಾರ್ನಿವಲ್‌ಗೆ ನಾನು ಮಾಡುವ ಮೊಸಳೆಯನ್ನು ನೋಡಿ ನಿಜವಾದ ಮೊಸಳೆಗಳೆಲ್ಲ ನಾಚಿಕೊಂಡು ಕೆರೆ ಬಿಟ್ಟು ಹೋಗಬೇಕು! ಹಾಗಂತ ಜನವರಿ ಒಂದರಂದು, ಹೊಸ ವರ್ಷದ ಕುಂಬಳಕಾಯಿ ಸಾರಿನ ಬಟ್ಟಲನ್ನು ಕೈಯಲ್ಲಿ ಹಿಡಿದು ಪ್ರತಿಜ್ಞೆ ಮಾಡಿದೆ.

ನಾನು ಒನೆಸಿಮ್. ಜಾಕ್‌ಮೆಲ್ ಊರಿನಲ್ಲಿ ಮುಖವಾಡ ಮಾಡುವವರನ್ನು ಎಣಿಸಿದರೆ ಮೊದಲ ಬೆರಳು ನನ್ನದು. ನಾನು ಮಾಡಿದ ಹುಲಿಯ ತಲೆಯನ್ನು ಕಂಡು ಒಮ್ಮೆ ಕಟುಕನ ಮೇಕೆ ಹಗ್ಗ ಕಿತ್ತುಕೊಂಡು ಸಮುದ್ರಕ್ಕೆ ಹಾರಿ, ಈಜಿಕೊಂಡು ಜಮೈಕಾ ಸೇರಿತು. ನಂಬದಿದ್ದರೆ ಹೋಗಿ ಮೇಕೆಯನ್ನೇ ಕೇಳಿ. ಅಲ್ಲಿ ಅದಕ್ಕೀಗ ಮೊಮ್ಮಕ್ಕಳಿವೆ.

ಮೊಮ್ಮಕ್ಕಳೆಂದಾಗ ನೆನಪಾಯಿತು. ನನಗೂ ಮರ್ಸಿಲಿಯಾಗೂ ಹದಿಮೂರು ಮೊಮ್ಮಕ್ಕಳು. ನಲವತ್ತೊಂದು ವರ್ಷದಿಂದ ಒಂದೇ ಸೂರಿನ ಕೆಳಗಿದ್ದೇವೆ. ಮದುವೆ ಮಾತ್ರ ಆಗಿರಲಿಲ್ಲ. ನಮ್ಮ ಕಡೆ ಮೊದಲು ಸಂಸಾರ, ಅನುಕೂಲ ಕೂಡಿ ಬಂದಾಗ ಮದುವೆ. ಅನುಕೂಲಕ್ಕೆ ನಮ್ಮ ಮನೆಯ ದಾರಿ ಸಿಕ್ಕಿರಲಿಲ್ಲ, ಅಷ್ಟೇ.

ನನಗೇನೂ ಅವಸರವಿರಲಿಲ್ಲ. ಆದರೆ ಚರ್ಚಿನಲ್ಲಿ ಮದುವೆಯಾಗದೆ ಜೊತೆಗಿರುವವರಿಗೆ ಪರಮಪ್ರಸಾದವಿಲ್ಲ. ಪ್ರತಿ ಭಾನುವಾರ ಉಳಿದವರೆಲ್ಲ ಎದ್ದು ಸಾಲಾಗಿ ಮುಂದೆ ಹೋಗುವಾಗ ಮರ್ಸಿಲಿಯಾ ಬೆಂಚಿನಲ್ಲೇ ಕೂತು ತನ್ನ ಮೊಣಕಾಲು ನೋಡಿಕೊಳ್ಳುತ್ತಿದ್ದಳು. ನಲವತ್ತೊಂದು ವರ್ಷದ ಭಾನುವಾರಗಳು! ಈ ವರ್ಷ ಅವಳು ಹೇಳಿಬಿಟ್ಟಳು, ಈಸ್ಟರ್ ದಿನ ತಾನೂ ಆ ಸಾಲಿನಲ್ಲಿ ನಿಲ್ಲಲೇಬೇಕು ಅಂತ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನ ಚರ್ಚಿನಲ್ಲಿ ಮದುವೆ ಮಾಡಿಸುವುದಿಲ್ಲ. ಹಾಗಾಗಿ ಅದಕ್ಕೂ ಮುಂಚಿನ ಶನಿವಾರವೇ ನಮ್ಮ ಮದುವೆ ಎಂದಾಯಿತು. ಅದರ ಹಿಂದಿನ ಭಾನುವಾರ ನಮ್ಮೂರ ಕಾರ್ನಿವಲ್ ಮೆರವಣಿಗೆ. ಅವತ್ತು ಸಂಜೆಯ ಪ್ರಾರ್ಥನೆಯಲ್ಲಿ ನಮ್ಮಿಬ್ಬರ ಹೆಸರು ಓದಿ ಮದುವೆ ಸಾರಬೇಕು, ಅಷ್ಟರೊಳಗೆ ಇಬ್ಬರ ಜ್ಞಾನಸ್ನಾನದ ಪತ್ರವೂ ತಮ್ಮ ಕೈಸೇರಬೇಕು ಎಂದರು ಫಾದರ್ ಪ್ಲಾಸಿಡ್.

ಅವಳ ಪತ್ರ ಸಿದ್ಧವಿತ್ತು. ನನ್ನದು ಬೆಟ್ಟದ ಮೇಲೆ, ನಾನು ಹುಟ್ಟಿದ ಊರಿನ ಚರ್ಚಿನಲ್ಲಿ. ಒಂದು ಲಾರಿ, ಒಂದು ಹೇಸರಗತ್ತೆ, ಎರಡು ದಿನ. ಹೋಗಿ ತಂದುಕೊಂಡೆ. ಬರುವ ದಾರಿಯಲ್ಲಿ ಓದಿ ನೋಡಿದೆ. ಓದಿದ ಮೇಲೆ ಹೇಸರಗತ್ತೆಯ ಮೇಲೆ ನಾನಿದ್ದೆನೋ ನನ್ನ ಮೇಲೆ ಹೇಸರಗತ್ತೆಯಿತ್ತೋ, ದೇವರೇ ಬಲ್ಲ.

ತಪ್ಪೊಪ್ಪಿಗೆ ಇಲ್ಲಿಂದ ಶುರು. ನಲವತ್ತೊಂದು ವರ್ಷದ ಹಿಂದೆ ಒಂದು ಕುಣಿತದಲ್ಲಿ ಮರ್ಸಿಲಿಯಾಳ ಮುಂದೆ ಕೈ ಚಾಚಿ ನಿಂತಾಗ, ತನಗಿಂತ ಚಿಕ್ಕ ಹುಡುಗರ ಜೊತೆ ತಾನು ಕುಣಿಯುವುದಿಲ್ಲ ಎಂದಳು. ಅವಳಿಗೆ ಇಪ್ಪತ್ತೈದು, ನನಗೆ ಇಪ್ಪತ್ತಮೂರು. ನಾನು ಮೀಸೆ ಮುಟ್ಟಿಕೊಂಡು, ನನಗೆ ಇಪ್ಪತ್ತೊಂಬತ್ತು ಎಂದೆ. ಮೀಸೆಯೂ ಆವತ್ತು ಇದ್ದಿಲಿನದು! ಅಲ್ಲಿಂದ ಮುಂದೆ ನಾನೇ ಮನೆಗೆ ಹಿರಿಯ. ಕೋಳಿಯ ತೊಡೆ ನನಗೆ, ತೂಗುಕುರ್ಚಿ ನನಗೆ, ಕೊನೆಯ ಮಾತು ನನಗೆ. ವಯಸ್ಸಾದ ಮೇಲಂತೂ ಬೀದಿ ನಲ್ಲಿಯಿಂದ ನೀರು ಹೊರುವ ಕೆಲಸವನ್ನೂ ನನಗೆ ಹೇಳುತ್ತಿರಲಿಲ್ಲ. ಪಾಪ, ಹಿರಿಯ ಜೀವ! ಹೋದ ವರ್ಷ ನನ್ನ ಎಪ್ಪತ್ತನೆಯ ಹುಟ್ಟುಹಬ್ಬ ಅಂತ ಒಂದು ಹುಂಜ ಕೊಯ್ದರು. ನ್ಯಾಯವಾಗಿ ಆ ಹುಂಜಕ್ಕೆ ಇನ್ನೂ ಆರು ವರ್ಷ ಆಯುಷ್ಯವಿತ್ತು.

ಈಗ ನನ್ನ ಹುಟ್ಟಿದ ವರ್ಷ ಕಪ್ಪು ಶಾಯಿಯಲ್ಲಿ, ಚರ್ಚಿನ ಮೊಹರಿನ ಪಕ್ಕದಲ್ಲಿ ಕೂತು ಹಲ್ಲು ಕಿರಿಯುತ್ತಿತ್ತು. ಪತ್ರವನ್ನು ಮರ್ಸಿಲಿಯಾ ನೋಡಬಾರದು. ಭಾನುವಾರ ನಾನೇ ಗುಟ್ಟಾಗಿ ಫಾದರ್ ಕೈಗೆ ಕೊಟ್ಟುಬಿಟ್ಟರೆ ಮುಗಿಯಿತು. ಅಲ್ಲಿಯವರೆಗೆ ಎಲ್ಲಿಡುವುದು? ನಮ್ಮ ಮನೆಯಲ್ಲಿ ಮರ್ಸಿಲಿಯಾಳ ಕೈ ಹೋಗದ ಜಾಗ ಒಂದೇ, ನನ್ನ ಸಿಮೆಂಟ್ ಚೀಲದ ಕಾಗದದ ರಾಶಿ. ಮುಖವಾಡವೆಂದರೆ ಮಣ್ಣಿನ ಅಚ್ಚಿನ ಮೇಲೆ ಆ ಕಾಗದವನ್ನು ಮರಗೆಣಸಿನ ಗಂಜಿಯಲ್ಲಿ ಅದ್ದಿ, ಪದರದ ಮೇಲೆ ಪದರ ಅಂಟಿಸುವುದು ತಾನೇ? ಪತ್ರವನ್ನು ಉದ್ದಕ್ಕೆ ಮಡಚಿ, ಅದೇ ಕಾಗದದಲ್ಲಿ ಸುತ್ತಿ, ಅದೇ ರಾಶಿಯಲ್ಲಿ ಸೇರಿಸಿದೆ. ಊರಿಗೆಲ್ಲ ವೇಷ ಕಟ್ಟುವ ಕೈ, ಕಾಗದಕ್ಕೂ ಕಟ್ಟಿತು.

ಎಂಥಾ ವೇಷ ಅಂತೀರಿ! ಕಟ್ಟಿದವನಿಗೇ ಗುರುತು ಸಿಗಲಿಲ್ಲ.

ಮೊಸಳೆಯ ತಲೆಯೇ ಎಂಟು ಅಡಿ ಆಯಿತು. ಅನ್ಸೆಲ್ಮ್ ಅಂತ ನಮ್ಮ ಪಕ್ಕದ ಮನೆಯವನು, ಅವನ ಲಾರಿಯ ಮೇಲೆ ಅದನ್ನು ಕೂರಿಸುವುದು. ಲಾರಿಯನ್ನು ಡ್ರೈವರ್‌ಗೆ ಬಿಟ್ಟು ಅವನೇ ಮೊಸಳೆಯ ಹೊಟ್ಟೆಯೊಳಗೆ ಕೂತು ಹಗ್ಗ ಎಳೆದರೆ ಬಾಯಿ ತೆರೆಯಬೇಕು, ಬಿಟ್ಟರೆ ಮುಚ್ಚಬೇಕು. ಅಷ್ಟಕ್ಕೇ ನನ್ನ ಕಲೆಗೆ ತೃಪ್ತಿಯಾಗಲಿಲ್ಲ. ಊರಿನ ದೊಡ್ಡ ಮನುಷ್ಯರ ಬಾಲ್ಕನಿ ಕಂಡಾಗ ಮೊಸಳೆ ಉದ್ದನೆಯ ನಾಲಿಗೆ ಚಾಚಿ ಅಣಕಿಸಬೇಕು. ಮೊಸಳೆಗೆ ನಾಲಿಗೆ ಹೊರಗೆ ಬರುವುದಿಲ್ಲ ಎಂದ ಅನ್ಸೆಲ್ಮ್. ಬಾರದ್ದನ್ನು ಬರಿಸುವವನೇ ಕಲಾವಿದ ಎಂದೆ. ನಾಲಿಗೆಯ ನಡುವೆ ಇಡಲು ಗಟ್ಟಿಯಾದ, ಉದ್ದನೆಯ ಕಾಗದದ ಮಡಿಕೆ ಬೇಕಿತ್ತು. ರಾಶಿಗೆ ಕೈ ಹಾಕಿದೆ. ಅಳತೆ ಕೊಟ್ಟು ಮಾಡಿಸಿದಂಥ ಒಂದು ಮಡಿಕೆ ಸಿಕ್ಕಿತು. ಮೇಲೆ ಐದು ಪದರ ಕಾಗದ, ಎರಡು ಕೈ ಕೆಂಪು ಬಣ್ಣ. ದೇವರು ನನ್ನ ಕಡೆ ಇದ್ದಾನೆ ಅಂತ ಆವತ್ತು ಎದೆ ಉಬ್ಬಿಸಿದೆ!

ಭಾನುವಾರ ಮಧ್ಯಾಹ್ನ ಮೆರವಣಿಗೆ ಹೊರಟಿತು. ಇನ್ನು ಫಾದರ್‌ಗೆ ಪತ್ರ ಕೊಟ್ಟುಬರೋಣ ಅಂತ ರಾಶಿ ತೆಗೆದೆ. ಕೆದಕಿದೆ, ಕೊಡವಿದೆ, ಮಂಚದ ಕೆಳಗೆ ತೂರಿದೆ. ಎಲ್ಲೂ ಇಲ್ಲ. ಆಮೇಲೆ ನಿಧಾನವಾಗಿ ನೆನಪಾಯಿತು, ಆ ಗಟ್ಟಿ ಮಡಿಕೆ. ಇನ್ನೊಂದು ಪ್ರತಿ ತರಲು ಮತ್ತೆ ಎರಡು ದಿನ. ಉಳಿದದ್ದು ಎರಡು ಗಂಟೆ. ಕಣ್ಣ ಮುಂದೆ ಈಸ್ಟರ್ ದಿನದ ಬೆಂಚು ಬಂತು, ಮೊಣಕಾಲು ನೋಡುತ್ತಾ ಕೂತ ಮರ್ಸಿಲಿಯಾ ಬಂದಳು.

ಹೊಸ ಬೂಟನ್ನೂ ಮರೆತು ಬರೀ ಕಾಲ್ಚೀಲದಲ್ಲಿ ಓಡಿದೆ.

ದಾರಿಯಲ್ಲಿ ಹಗ್ಗ ಬೀಸುವ ವೇಷದವರು ಎದುರಾದರು. ಮೈತುಂಬ ಕಬ್ಬಿನ ಪಾಕ, ಇದ್ದಿಲು ಮಸಿ ಬಳಿದುಕೊಂಡು, ಬಿಳಿ ಅಂಗಿ ಕಂಡರೆ ತಬ್ಬಿಕೊಳ್ಳುವ ಜಾತಿ ಅದು. ನನ್ನದು ಬಿಳಿ ಅಂಗಿ. ಒಬ್ಬೊಬ್ಬರೂ ಸ್ವಂತ ಅಣ್ಣ ಸಿಕ್ಕಿದ ಹಾಗೆ ತಬ್ಬಿದರು. ಅಲ್ಲಿಂದ ಹೊರಬಿದ್ದಾಗ ನನ್ನ ಸುತ್ತ ನೊಣಗಳದ್ದೇ ಒಂದು ಮೆರವಣಿಗೆ.

ಲಾರಿಯನ್ನು ಹಿಡಿದಾಗ ಅದು ಚರ್ಚಿನ ಬೀದಿಗೆ ತಿರುಗುತ್ತಿತ್ತು. ಬಾನೆಟ್ ಹತ್ತಿ, ಮೊಸಳೆಯ ಬಾಯೊಳಗೆ ತಲೆ ಹಾಕಿ, ನಾಲಿಗೆ ಕಿತ್ತು ಕೊಡು ಅಂತ ಅನ್ಸೆಲ್ಮ್‌ಗೆ ಕೂಗಿದೆ.

"ನಾಲಿಗೆ ಕಿತ್ರೆ ಇನ್ನೇನು ಉಳೀತು ಅಜ್ಜ? ಬಾಯಿ ಬಿಟ್ಕೊಂಡಿರೋ ಚಪ್ಪಲಿ ಆಗತ್ತೆ ಇದು."

"ಅದ್ರೊಳಗೆ ನನ್ನ ಮದುವೆ ಇದೆ ಮಾರಾಯ."

ಬಿದಿರಿನ ಕೊಳವೆ ಊದುವವರ ಗದ್ದಲದಲ್ಲಿ ಅವನಿಗೆ ಏನು ಕೇಳಿಸಿತೋ. ಇದೂ ಆಟದ ಭಾಗ ಅಂದುಕೊಂಡು ಹಗ್ಗ ಬಿಟ್ಟುಬಿಟ್ಟ. ಮೇಲಿನ ದವಡೆ ನನ್ನ ಸೊಂಟದ ಮೇಲೆ ಕೂತಿತು. ಒಳಗೆ ನಾನೂ ನಾಲಿಗೆಯೂ, ಹೊರಗೆ ನನ್ನೆರಡು ಕಾಲು! ಜನ ಹುಚ್ಚೆದ್ದು ಚಪ್ಪಾಳೆ ತಟ್ಟಿದರು. ಕಾಲು ಝಾಡಿಸಿದಷ್ಟೂ ಚಪ್ಪಾಳೆ ಹೆಚ್ಚಿತು. ಐವತ್ತು ವರ್ಷದ ಕಸುಬಿನಲ್ಲಿ ನನ್ನ ಮುಖಕ್ಕೆ ಬಾರದ ಮರ್ಯಾದೆ ಆವತ್ತು ಕಾಲಿಗೆ ಬಂತು.

ಲಾರಿ ಚರ್ಚಿನ ಮೆಟ್ಟಿಲ ಮುಂದೆ ನಿಂತಿತು. ಮೊಸಳೆಯ ಹಲ್ಲಿನ ಸಂದಿಯಿಂದ ಒಂದು ಗುರುತಿನ ದನಿ ಕೇಳಿಸಿತು.

"ಫಾದರ್, ಆ ಕಾಲ್ಚೀಲಕ್ಕೆ ರಫೂ ಹಾಕಿದ್ದು ನಾನು. ಬಿಳೀ ದಾರ ಇರ್ಲಿಲ್ಲ ಅಂತ ಹಸಿರಲ್ಲಿ ಹಾಕಿದ್ದೆ. ಮದುವೆ ಗಂಡು ಬಂದಿದಾನೆ, ನೋಡಿ."

ನಾಲಿಗೆಯನ್ನು ಎರಡೂ ಕೈಯಿಂದ ಹಿಡಿದು ಎಳೆದೆ. ನಾಲಿಗೆಯೂ ನಾನೂ ಒಟ್ಟಿಗೆ ಫಾದರ್ ಪ್ಲಾಸಿಡ್ ಅವರ ಪಾದದ ಹತ್ತಿರ ಬಿದ್ದೆವು. ಇದರೊಳಗೆ ನನ್ನ ಜ್ಞಾನಸ್ನಾನವಿದೆ ಎಂದೆ. ಅವರು ನನ್ನ ಕರಿ ಮುಖವನ್ನೂ ಕೆಂಪು ನಾಲಿಗೆಯನ್ನೂ ನೋಡಿ, ಮೊದಲು ಶಿಲುಬೆಯ ಗುರುತು ಮಾಡಿಕೊಂಡು ಆಮೇಲೆ ಒಳಗೆ ಕರೆದರು.

ಗಂಜಿ ಎಷ್ಟೇ ಗಟ್ಟಿಯಾಗಲಿ, ನೀರಿಗೆ ಸೋಲುತ್ತದೆ. ಹತ್ತಿರದಲ್ಲಿ ಸಿಕ್ಕಿದ ನೀರು ಬಾಗಿಲ ಬಳಿಯ ತೀರ್ಥದ ಕಲ್ಲುಬಟ್ಟಲಿನದು. ನಾಲಿಗೆಯನ್ನು ಅದರಲ್ಲೇ ಅದ್ದಿದರು. ತೀರ್ಥ ಕೆಂಪಾಯಿತು. ಒಂದೊಂದೇ ಪದರ ಬಿಟ್ಟುಕೊಂಡು ಬಂತು. ನಾನು ಕಣ್ಣು ಮುಚ್ಚಿ, ದೇವರೇ, ಹೆಸರು ಉಳಿಸು, ವರ್ಷ ಅಳಿಸು ಅಂತ ಬೇಡಿಕೊಂಡೆ. ದೇವರು ಮಾತನ್ನು ತಿರುಗಿಸಿ ಕೇಳಿಸಿಕೊಂಡ. ಹೆಸರನ್ನು ಹಿಂಡಿ ಹಿಂಡಿ ಓದಬೇಕಾಯಿತು. ವರ್ಷ ಮಾತ್ರ ನಿನ್ನೆ ಬರೆದ ಹಾಗಿತ್ತು. ಫಾದರ್ ಗಟ್ಟಿಯಾಗಿ ಓದಿ, ಬೆರಳು ಮಡಚಿ ಎಣಿಸಿ, ನಿನಗೆ ಬರೀ ಅರವತ್ತನಾಲ್ಕಾ ಅಂತ ಕೇಳಿದರು.

ಮರ್ಸಿಲಿಯಾಗೆ ಅರವತ್ತಾರು. ನಾನು ಕಲ್ಲುಬಟ್ಟಲನ್ನೇ ನೋಡುತ್ತಾ ನಿಂತೆ. ಮುಳುಗಲು ಆಳ ಸಾಲದು.

"ನಂಗೊತ್ತು ಫಾದರ್," ಅಂದಳು ಅವಳು. "ಇವನ ಅಮ್ಮ ಮೊದಲ್ನೇ ವಾರಾನೇ ಹೇಳಿದ್ರು."

"ಮತ್ತೆ ಇಷ್ಟು ವರ್ಷ ಯಾಕೆ ಸುಮ್ನಿದ್ದೆ?" ಅಂದೆ ನಾನು.

"ಮಗು ದೊಡ್ಡೋರ ಮುಖವಾಡ ಹಾಕ್ಕೊಂಡು ಬಂದು ಹೆದರ್ಸತ್ತೆ. ಹೆದರಿದ ಹಾಗೆ ಮಾಡಿದ್ರೆ ಅದಕ್ಕೆ ಖುಷಿ. ಹಾಳಾಗ್ಲಿ, ಆಡ್ಕೊಳ್ಲಿ ಅಂತ ಬಿಟ್ಟೆ."

ಸಂಜೆ ಹೆಸರು ಓದಿದರು. ಶನಿವಾರ ಮದುವೆಯಾಯಿತು. ಈಗ ನಾನು ದಿನಕ್ಕೆ ನಾಲ್ಕು ಬಕೆಟ್ ನೀರು ಹೊರುತ್ತೇನೆ, ತೂಗುಕುರ್ಚಿಯಲ್ಲಿ ಕೂತವರು ಎಣಿಸುತ್ತಾರೆ. ಈಸ್ಟರ್ ದಿನ ಎಲ್ಲರೂ ಪರಮಪ್ರಸಾದಕ್ಕೆ ಎದ್ದಾಗ ಮರ್ಸಿಲಿಯಾ ಒಂದು ಗಳಿಗೆ ಬೆಂಚನ್ನು ಹಿಡಿದುಕೊಂಡಳು. ಆಮೇಲೆ ಎದ್ದಳು. ನಾನು ಹಳೆಯ ಅಭ್ಯಾಸದಂತೆ ಎದೆಯುಬ್ಬಿಸಿ ಅವಳ ಮುಂದೆ ಸಾಲಿನಲ್ಲಿ ನಿಂತೆ.

ಹಿಂದಿನಿಂದ ಭುಜದ ಮೇಲೆ ಒಂದು ಕೈ ಬಿತ್ತು.

"ಹಿಂದೆ ಬಾ ಮರಿ. ದೊಡ್ಡೋರು ಮೊದ್ಲು."