ಪರದೆ ಬೆಳ್ಳಗಾದರೆ ಪ್ಲಗ್ಗು ಕೀಳುವ ಅಣ್ಣ

ಈ ದಿನ ಮಾಡಿದ ಕೆಲಸಗಳು: ಹಾಲು ಕಾಯಿಸಿದೆ, ಅವರೆಕಾಯಿ ಸುಲಿದೆ, ಎರಡು ಬಕೆಟ್ ಬಟ್ಟೆ ಒಣಹಾಕಿದೆ, ಹಾಸನದಿಂದ ಬಸ್ಸು ಹತ್ತಿ ಹೊಳೆನರಸೀಪುರಕ್ಕೆ ಹೋಗಿ ಅಣ್ಣನ ಕೈಯಿಂದ ಪ್ಲಗ್ಗು ಬಿಡಿಸಿದೆ. ಕೊನೆಯದಕ್ಕೇ ಹೆಚ್ಚು ಹೊತ್ತು ಹಿಡಿಯಿತು.

ಅಣ್ಣನದು ಫೋಟೋ ಸ್ಟುಡಿಯೋ. ಮದುವೆ ಫೋಟೋಗಳನ್ನೆಲ್ಲ ಒಂದೇ ಅಳತೆಗೆ ಇಳಿಸುವ ಪುಟ್ಟ ಪ್ರೋಗ್ರಾಮೊಂದನ್ನು ನಾನೇ ಬರೆದುಕೊಟ್ಟಿದ್ದೆ. ಕಂಪ್ಯೂಟರ್ ಪಾಠ ಹೇಳುವವಳೆಂಬ ಜಂಬ. ಗುಂಡಿ ಒತ್ತಿದರೆ ಕೆಲಸವೇನೋ ಆಗುತ್ತಿತ್ತು, ಆದರೆ ಮುಗಿಯುವವರೆಗೆ ಪರದೆ ಬೆಳ್ಳಗಾಗಿಬಿಡುತ್ತಿತ್ತು. ಅಣ್ಣನಿಗೆ ಮಿಕ್ಸಿಯಿಂದ ಹಿಡಿದು ಟಿ.ವಿ.ಯವರೆಗೆ ಗೊತ್ತಿರುವುದು ಒಂದೇ ಚಿಕಿತ್ಸೆ, ಪ್ಲಗ್ಗು ಕೀಳುವುದು. ಕಿತ್ತ. ಅರ್ಧ ಕೆಲಸ ಹಾಳಾಯಿತು.

"ಸತ್ತೋಯ್ತು ಕಣವ್ವಾ ನಿನ್ ಪ್ರೋಗ್ರಾಮು! ಅರಕಲಗೂಡಿನ ಎಣ್ಣಿನ್ ಕಡೇರು ಫೋಟೋಗೆ ಒಂದ್ ಗಂಟೆಗೆ ಬತ್ತಾರೆ. ಮಾತು ಕೊಟ್ಬುಟ್ಟಿವ್ನಿ!" ಎಂದು ಬೆಳಿಗ್ಗೆಯೇ ಫೋನಿನಲ್ಲಿ ಗೋಳಾಡಿದ.

ತಪ್ಪು ನನ್ನದೇ. ಪರದೆ ನೋಡಿಕೊಳ್ಳುವ ಥ್ರೆಡ್ಡಿಗೇ, ಅಂದರೆ ಪ್ರೋಗ್ರಾಮಿನೊಳಗೆ ಬಂದವರನ್ನು ಮಾತಾಡಿಸುವ ಆಳಿಗೇ, ಒಳಗಿನ ದುಡಿಮೆಯನ್ನೂ ಹೊರಿಸಿದ್ದೆ. ಬಸ್ಸಿಳಿದು ಸ್ಟುಡಿಯೋದಲ್ಲೇ ಕೂತು ದುಡಿಮೆಯನ್ನು ಹಿಂದಿರುವ ಇನ್ನೊಂದು ಥ್ರೆಡ್ಡಿಗೆ ಒಪ್ಪಿಸಿದೆ. 'ಎಷ್ಟು ಮುಗಿಯಿತೆಂದು ನೀನೇ ಬಂದು ಪರದೆಯ ಮೇಲೆ ಬರೆ' ಎಂದೂ ಹೇಳಿದೆ. ಪ್ರೋಗ್ರಾಮೇ ಮಗುಚಿಕೊಂಡಿತು. ಆಗ ಅಣ್ಣನ ಗೃಹಪ್ರವೇಶ ನೆನಪಾಯಿತು. ಒಲೆಯ ಮುಂದಿದ್ದ ಅಡುಗೆಯವರು ಸಾರಿನ ಬಕೆಟ್ ಹಿಡಿದು ತಾವೇ ಪಂಕ್ತಿಗೆ ನುಗ್ಗಿ, ಪಾಯಸ ಬಡಿಸುತ್ತಿದ್ದ ಚಿಕ್ಕಪ್ಪನಿಗೆ ಡಿಕ್ಕಿ ಹೊಡೆದಿದ್ದರು. ನೆಂಟರೊಬ್ಬರ ಪಂಚೆ ಎರಡರ ರುಚಿಯನ್ನೂ ನೋಡಿತು. ಅಡುಗೆಯವರು ಪಾತ್ರೆಯನ್ನು ಬಾಗಿಲಲ್ಲಿಡಬೇಕು, ಪಂಕ್ತಿಗೆ ಇಳಿಯಬೇಕಾದವರು ಬಡಿಸುವವರು ಮಾತ್ರ. ಹಾಗೇ ತಿದ್ದಿದೆ: ಹಿಂದಿನ ಥ್ರೆಡ್ಡು ಸುದ್ದಿಯನ್ನು ಸಾಲಾಗಿ ಇಟ್ಟುಹೋಗಲಿ, ಪರದೆ ಮುಟ್ಟುವುದು ಮುಂದಿನದೊಂದೇ.

ಪರದೆ ಲಕ್ಷಣವಾಗಿ ಎಣಿಸತೊಡಗಿತು. ಖುಷಿಗೆ ಅಣ್ಣ ಗುಂಡಿಯನ್ನು ಇನ್ನೂ ನಾಲ್ಕು ಸಲ ಒತ್ತಿದ. "ಆಳು ಜಾಸ್ತಿ ಆದ್ರೆ ಬಿರ್ನೆ ಆಯ್ತದೆ ಅಲ್ವಾ?" ಐದು ಥ್ರೆಡ್ಡುಗಳು ಒಂದೇ ಫೋಟೋಗೆ ಕಿತ್ತಾಡಿ, ವರನ ಕೆಳಗರ್ಧ ಬರೀ ಬೂದು ಬಣ್ಣವಾಯಿತು.

ಅತ್ತಿಗೆ ಇಣುಕಿ, "ಅಯ್ಯೋ, ಗಂಡಿನ್ ಪಂಚೆ ಎಲ್ಲೋಯ್ತು?" ಎಂದರು.

ಮೂಲ ಫೋಟೋ ಭದ್ರವಾಗಿತ್ತು, ಸದ್ಯ. ಕೆಲಸ ಮುಗಿಯುವವರೆಗೆ ಗುಂಡಿಯನ್ನು ಒತ್ತಲಾಗದಂತೆ ಮಾಡಿ ಮತ್ತೆ ಓಡಿಸಿದೆ. ಗುಂಡಿ ಮಂಕಾಯಿತು. "ಗುಂಡೀನೂ ಸತ್ತೋಯ್ತು!" ಅಣ್ಣನ ಕೈ ಗೋಡೆಯತ್ತ ಹೋಯಿತು. ನಾನು ಓಡಿ ಪ್ಲಗ್ಗಿಗೆ ಬೆನ್ನು ಕೊಟ್ಟು ನಿಂತೆ.

ಒಂದು ಗಂಟೆಗೆ ಬಂದ ಹೆಣ್ಣಿನ ತಂದೆ ನನ್ನನ್ನು ನೋಡಿ, "ಯಾಕವ್ವಾ, ಕರೆಂಟ್ ಒಡೀತಾ?" ಎಂದು ಗಾಬರಿಯಾದರು. ಅಷ್ಟರಲ್ಲಿ ಫೋಟೋಗಳೆಲ್ಲ ಮುಗಿದಿದ್ದವು, ವರ ಪಂಚೆಸಮೇತನಾಗಿದ್ದ. "ಒಂದ್ ಗಂಟೆ ಅಂದ್ರೆ ಒಂದೇ ಗಂಟೆ ಕಣಣ್ಣಾ ನಮ್ದು" ಎಂದು ಅಣ್ಣ ಮೀಸೆ ತಿರುವಿದ.

ಮಧ್ಯಾಹ್ನಕ್ಕೆ ಮುದ್ದೆ, ಹುರುಳಿಕಾಳಿನ ಸಾರು, ಎರಡನೇ ಸಲ ಮಜ್ಜಿಗೆ. ಉಂಡು ಚಾಪೆಯ ಮೇಲೆ ಕೂತು ಅಣ್ಣನಿಗೆ ಥ್ರೆಡ್ಡೆಂದರೇನೆಂದು ವಿವರಿಸಲು ಶುರುಮಾಡಿದೆ. ಮೊದಲು ನಿದ್ದೆ ಹೋದದ್ದು ಅಣ್ಣ ಎಂದೇ ಬರೆಯುತ್ತಿದ್ದೆ; ಅತ್ತಿಗೆ ಹೇಳುವ ಪ್ರಕಾರ ಅವನು ತಲೆಯಾಡಿಸುತ್ತ ಕೇಳುತ್ತಲೇ ಇದ್ದನಂತೆ, ಗೊರಕೆ ಹೊಡೆದದ್ದು ಪಾಠ ಹೇಳುತ್ತಿದ್ದವಳಂತೆ.